ನೀರು ಕಂಡು ಇಳಿಯಿರಿ: ಕಾಂಡ್ಲಾ ಬುಡದ ಕಸ ಹೆಕ್ಕುವವರಿಗೆ ಹದಿನಾಲ್ಕು ಸೂತ್ರ

ಮಳೆಗಾಲ ಮುಗಿದು ಹೊಳೆ ತಿಳಿಯಾದ ಮೇಲೆ ಕುಂದಾಪುರದ ಪಂಚಗಂಗಾವಳಿಯಲ್ಲೋ, ಹೊನ್ನಾವರದ ಶರಾವತಿಯಲ್ಲೋ, ಕುಮಟಾದ ಅಘನಾಶಿನಿಯಲ್ಲೋ ದೋಣಿ ಹತ್ತಿ ಒಂದು ಸುತ್ತು ಹೋಗಿ ಬನ್ನಿ. ಕಾಂಡ್ಲಾ (ಮ್ಯಾಂಗ್ರೋವ್) ಮರಗಳಿಗೆ ಯಾರೋ ಹಬ್ಬದ ತೋರಣ ಕಟ್ಟಿದಂತೆ ಕಾಣುತ್ತದೆ. ಹತ್ತಿರ ಹೋದರೆ ಹಾಲಿನ ಪ್ಯಾಕೆಟ್ಟು, ಸೀರೆಯ ತುಂಡು, ಮಗುವಿನ ಡೈಪರು, ಹರಿದ ನೈಲಾನ್ ಬಲೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ನೇತಾಡುತ್ತವೆ. ಈ ವರ್ಷ ನೆರೆ ಎಲ್ಲಿಯವರೆಗೆ ಏರಿತ್ತು ಎಂದು ಹೊಳೆಯೇ ಎಳೆದ ಗೆರೆ ಅದು.

ನಮ್ಮಲ್ಲಿ ಕಾಂಡ್ಲಾ ಕಾಡು ಇರುವುದೇ ಬೊಗಸೆಯಷ್ಟು. 2021ರ ಅರಣ್ಯ ಸ್ಥಿತಿ ವರದಿಯಂತೆ ಇಡೀ ದೇಶದಲ್ಲಿ 4,992 ಚದರ ಕಿಲೋಮೀಟರ್, ಅದರಲ್ಲಿ ಕರ್ನಾಟಕದ ಪಾಲು 13. ಕಡಲ ಮರಳಿನ ಕಸ ಹೆಕ್ಕಿ ಪಳಗಿದವರಿಗೆ ಇಲ್ಲಿ ಎಲ್ಲವೂ ಹೊಸದು. ಮರಳು ನಿಮ್ಮನ್ನು ಹೊರುತ್ತದೆ, ಕೆಸರು ಹೊರುವುದಿಲ್ಲ. ಮರಳಿನಲ್ಲಿ ನೀವು ತುಳಿದದ್ದು ಮುಂದಿನ ಅಲೆಗೆ ಅಳಿಯುತ್ತದೆ. ಇಲ್ಲಿ ತುಳಿದದ್ದು ವರ್ಷಗಟ್ಟಲೆ ಉಳಿಯುತ್ತದೆ. ಕೆಳಗಿನ ಮಾತುಗಳಲ್ಲಿ ಹೆಚ್ಚಿನವನ್ನು ನಾನು ತಪ್ಪು ಮಾಡಿಯೇ ಕಲಿತೆ.

1. ಮೊದಲು ತಿಥಿ ನೋಡಿ, ಆಮೇಲೆ ಬ್ಯಾನರ್ ಬರೆಸಿ

ನಾವು ಮೊದಲ ಸಲ ಹೊರಟದ್ದು ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಭಾನುವಾರ ಯಾಕೆಂದರೆ ರಜೆ, ಹತ್ತು ಯಾಕೆಂದರೆ ಅಷ್ಟೊತ್ತಿಗೆ ಎಲ್ಲರ ತಿಂಡಿ ಆಗಿರುತ್ತದೆ. ಅರವತ್ತು ಜನ, ಒಂದೇ ಬಣ್ಣದ ಟೀ ಶರ್ಟು, ಉದ್ದದ ಬ್ಯಾನರು. ಹೊಳೆಯಂಚಿಗೆ ಹೋದರೆ ಕಾಂಡ್ಲಾದ ಬುಡವೇ ಕಾಣದು. ಹುಣ್ಣಿಮೆಯ ಮಾರನೇ ದಿನ, ಉಬ್ಬರದ ನೀರು ಇನ್ನೂ ಏರುತ್ತಲೇ ಇತ್ತು. ಪಕ್ಕದಲ್ಲಿ ದೋಣಿಯೊಳಗೆ ಕೂತು ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ನಗು ತಡೆದುಕೊಳ್ಳುತ್ತ ಹೇಳಿದರು: "ಹ್ವಾಯ್, ನೀರ್ ಕಂಡ್ಕಂಡ್ ಬರ್ಕ್, ಗಡಿಯಾರ ಕಂಡ್ಕಂಡ್ ಅಲ್ಲ." ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡು ವಾಪಸು ಬಂದೆವು.

ಲೆಕ್ಕ ಕಷ್ಟದ್ದಲ್ಲ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇವತ್ತಿನ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತ ನೀರಿನ ಏರಿಳಿತ ಜೋರು, ಅಷ್ಟಮಿಯ ಸುತ್ತ ಮಂದ. ಇಳಿತ ಜೋರಾಗಿರುವ ದಿನಗಳಲ್ಲೇ ಕಾಂಡ್ಲಾದ ತಳ ಪೂರ್ತಿ ತೆರೆದುಕೊಳ್ಳುವುದು. ನೀರು ತಳ ಮುಟ್ಟುವುದಕ್ಕೆ ಎರಡು ತಾಸು ಮುಂಚೆ ಇಳಿಯಿರಿ, ತಿರುಗಿದ ಮೇಲೆ ಒಂದು ತಾಸಿನೊಳಗೆ ದಡಕ್ಕೆ ಬನ್ನಿ. ನಿಮಗೆ ಸಿಗುವುದು ಆ ಮೂರು ತಾಸು ಮಾತ್ರ. ಸರ್ವೆ ಆಫ್ ಇಂಡಿಯಾದ ಉಬ್ಬರವಿಳಿತ ಪಟ್ಟಿ ಇದೆ, ಮೊಬೈಲಿನಲ್ಲೂ ಸಿಗುತ್ತದೆ. ಆದರೆ ಪಟ್ಟಿ ಬಂದರಿಗೆ ಕೊಟ್ಟ ಹೊತ್ತು ಹೊಳೆಯ ಒಳಗೆ ಹೋದಂತೆ ಹಿಂದೆ ಬೀಳುತ್ತದೆ. ಎಷ್ಟು ಹಿಂದೆ ಎಂಬುದನ್ನು ಆ ಊರಿನ ಮೀನುಗಾರರನ್ನೇ ಕೇಳಬೇಕು.

2. ಜುಲೈ 26ಕ್ಕೆ ಹೊಳೆಗೆ ಇಳಿಯಬೇಡಿ

ಅದು ವಿಶ್ವ ಕಾಂಡ್ಲಾ ದಿನ. 1998ರಲ್ಲಿ ಎಕ್ವೆಡಾರ್ ದೇಶದ ಮುಯಿಸ್ನೆಯಲ್ಲಿ, ಕಾಂಡ್ಲಾ ಕಡಿದು ಮಾಡಿದ ಸಿಗಡಿ ಹೊಂಡದ ವಿರುದ್ಧ ಜನ ಪ್ರತಿಭಟಿಸುತ್ತಿದ್ದಾಗ ಅವರೊಂದಿಗಿದ್ದ ಗ್ರೀನ್‌ಪೀಸ್ ಕಾರ್ಯಕರ್ತರೊಬ್ಬರು ತೀರಿಕೊಂಡರು. ಆ ದಿನದ ನೆನಪನ್ನೇ 2015ರಲ್ಲಿ ಯುನೆಸ್ಕೊ ಜಗತ್ತಿನ ದಿನವಾಗಿ ಘೋಷಿಸಿತು. ಗೌರವದ ದಿನ, ಸರಿ. ಆದರೆ ನಮ್ಮಲ್ಲಿ ಅದು ಆಟಿಯ ಮಳೆ, ಹೊಳೆಗಳು ಕೆಂಪಾಗಿ ದಡ ಮೀರಿ ಓಡುವ ಕಾಲ. ಅಂದು ಶಾಲೆಯಲ್ಲಿ ಮಾತಾಡಿ, ಪಂಚಾಯಿತಿಯಲ್ಲಿ ಸಭೆ ಮಾಡಿ, ಚೀಲ ಹೊಲಿಸಿ.

ಇಳಿಯಲು ಹದವಾದ ಕಾಲ ಎರಡು. ಒಂದು, ಸೆಪ್ಟೆಂಬರ್ ಮೂರನೇ ಶನಿವಾರ ಬರುವ ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನದಿಂದ ನವೆಂಬರಿನವರೆಗೆ. ಘಟ್ಟದಿಂದ ಬಂದ ಕಸ ಆಗಷ್ಟೇ ಕೊಂಬೆಗೆ ಸಿಕ್ಕಿಕೊಂಡಿರುತ್ತದೆ, ಕೆಸರಿನಲ್ಲಿ ಇನ್ನೂ ಹೂತಿರುವುದಿಲ್ಲ. ಇನ್ನೊಂದು ಏಪ್ರಿಲ್, ಮುಂದಿನ ಮಳೆ ಇದೆಲ್ಲವನ್ನೂ ಕಡಲಿಗೆ ನೂಕುವ ಮುಂಚೆ. ನಡುವಿನ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಕೆಸರುಬಯಲಿನಲ್ಲಿ ಮೇಯುತ್ತಿರುತ್ತವೆ. ಹೋದರೂ ಗದ್ದಲ ಮಾಡದೆ ಹೋಗಿ.

3. ಅರವತ್ತು ಜನ ಬೇಡ, ಹನ್ನೆರಡು ಸಾಕು

ದೊಡ್ಡ ಗುಂಪು ಪತ್ರಿಕೆಯಲ್ಲಿ ಚೆನ್ನಾಗಿ ಕಾಣುತ್ತದೆ. ಕೆಸರಿನಲ್ಲಿ ಅದು ಎಮ್ಮೆಯ ಹಿಂಡು. ಕಾಂಡ್ಲಾದ ಕೆಸರು ಬದುಕಿರುವುದು ಏಡಿಗಳು ಕೊರೆದ ಬಿಲಗಳಿಂದ. ಆ ಬಿಲಗಳ ಮೂಲಕವೇ ಗಾಳಿ ಒಳಗೆ ಹೋಗಿಬರುವುದು. ನೂರಿಪ್ಪತ್ತು ಕಾಲು ಅದನ್ನು ತುಳಿದು ಹೆಂಟೆಯಂತೆ ಗಟ್ಟಿ ಮಾಡಿ ಬಂದರೆ ಪ್ಲಾಸ್ಟಿಕ್ ಅಲ್ಲೇ ಇದ್ದಿದ್ದರೂ ವಾಸಿಯಿತ್ತು ಅನ್ನಿಸುತ್ತದೆ. ಆಗಷ್ಟೇ ಬೇರೂರಿದ ಗೇಣುದ್ದದ ಸಸಿಗಳು ಯಾರ ಕಣ್ಣಿಗೂ ಬೀಳದೆ ಮುರಿಯುತ್ತವೆ.

ಹನ್ನೆರಡು ಜನ ಒಳಗೆ, ಉಳಿದವರು ದಡದಲ್ಲಿ. ಒಳಗಿನವರು ಒಬ್ಬರ ಹಿಂದೆ ಒಬ್ಬರು ಒಂದೇ ದಾರಿಯಲ್ಲಿ ಹೋಗಿ, ಅದೇ ದಾರಿಯಲ್ಲಿ ಬರಲಿ. ದಡದವರು ವಿಂಗಡಿಸಲಿ, ತೊಳೆಯಲಿ, ಎಣಿಸಲಿ. ನಿಜ ಹೇಳಬೇಕೆಂದರೆ ಕಷ್ಟದ ಕೆಲಸ ದಡದ್ದೇ, ಅದಕ್ಕೆ ಯಾರೂ ಮುಂದೆ ಬರುವುದಿಲ್ಲ.

4. ಬೇರಿನ ಗುರುತು ಇಲ್ಲದವರನ್ನು ಒಳಗೆ ಬಿಡಬೇಡಿ

ಇಳಿಯುವ ಮುಂಚೆ ಹದಿನೈದು ನಿಮಿಷ ದಡದಲ್ಲೇ ಪಾಠ. ನಮ್ಮ ಹೊಳೆಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆಯ ಬೇರು. ರೈಜೋಫೋರಾ ಜಾತಿಯ ಮರ ಕಾಂಡದಿಂದಲೇ ಬಿಲ್ಲಿನಂತೆ ಬಾಗಿದ ಊರುಗಾಲುಗಳನ್ನು ಕೆಸರಿಗೆ ಊರುತ್ತದೆ. ಅವಿಸೆನ್ನಿಯಾ ಜಾತಿಯದು ನೆಲದಡಿ ಬೇರು ಹರಡಿ, ಅಲ್ಲಿಂದ ಪೆನ್ಸಿಲ್ ನೆಟ್ಟಂತೆ ಸಾವಿರಾರು ಕಡ್ಡಿಬೇರುಗಳನ್ನು ಮೇಲಕ್ಕೆ ಕಳಿಸುತ್ತದೆ. ಈ ಕಡ್ಡಿಗಳೇ ಅದರ ಮೂಗು. ಉಪ್ಪು ಕೆಸರಿನಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇಳಿತದ ಹೊತ್ತಿಗೆ ಕಡ್ಡಿಯ ಮೈಮೇಲಿನ ಸಣ್ಣ ರಂಧ್ರಗಳ ಮೂಲಕ ಮರ ಉಸಿರಾಡುತ್ತದೆ.

ಇದು ಗೊತ್ತಾದರೆ ಯಾವ ಕಸ ಮೊದಲು ಎಂಬುದೂ ಗೊತ್ತಾಗುತ್ತದೆ. ಕೊಂಬೆಗೆ ನೇತಾಡುವ ಬಾಟಲಿ ಕಣ್ಣಿಗೆ ಹೊಡೆಯುತ್ತದೆ, ಮರಕ್ಕೆ ಅದರಿಂದ ಅಷ್ಟೇನೂ ತೊಂದರೆಯಿಲ್ಲ. ಕಡ್ಡಿಬೇರಿನ ಮೇಲೆ ಹಾಸಿಕೊಂಡ ಚೀಲ, ಹಾಳೆ, ಟಾರ್ಪಾಲಿನ ತುಂಡು ನೋಡಲು ಸಾಧು, ಕೊಲ್ಲುವುದು ಅದೇ. ಇಂಡೋನೇಷ್ಯಾದ ಜಾವಾ ದ್ವೀಪದ ಉತ್ತರ ಕರಾವಳಿಯಲ್ಲಿ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅಲ್ಲಿನ ಕಾಂಡ್ಲಾ ನೆಲದಲ್ಲಿ ಪ್ರತಿ ಚದರ ಮೀಟರಿಗೆ ಸರಾಸರಿ 27 ಪ್ಲಾಸ್ಟಿಕ್ ವಸ್ತು. ಪ್ರಯೋಗಕ್ಕಾಗಿ ಕೆಲವು ಮರಗಳ ಬೇರನ್ನು ಅರ್ಧ, ಕೆಲವನ್ನು ಪೂರ್ತಿ ಪ್ಲಾಸ್ಟಿಕ್ಕಿನಿಂದ ಮುಚ್ಚಿ ನೋಡಿದರು. ಅರ್ಧ ಮುಚ್ಚಿದವು ಹೇಗೋ ಸಂಭಾಳಿಸಿಕೊಂಡವು. ಪೂರ್ತಿ ಮುಚ್ಚಿದವು ಎಲೆ ಉದುರಿಸಿ ಸಾಯತೊಡಗಿದವು. ಹಾಗಾಗಿ ಎಲ್ಲವನ್ನೂ ಹೆಕ್ಕಲು ಹೊತ್ತಿಲ್ಲದಿದ್ದರೆ ಮೊದಲು ಹಾಳೆ, ಆಮೇಲೆ ಬಲೆ, ಕೊನೆಗೆ ಬಾಟಲಿ.

ಅಂದ ಹಾಗೆ, ಕಾಂಡ್ಲಾ ಎಂಬ ನಮ್ಮ ಮಾತಿಗೆ ಮಲಯಾಳದಲ್ಲಿ ಕಂಡಲ್ ಎಂಬ ಜೋಡಿ ಇದೆ. ಹದಿನೇಳನೇ ಶತಮಾನದ 'ಹೋರ್ಟಸ್ ಮಲಬಾರಿಕಸ್' ಅದನ್ನು ಬರೆದಿಟ್ಟುಕೊಂಡಿತು, ಅಲ್ಲಿಂದ ಅದು ಸಸ್ಯಶಾಸ್ತ್ರಕ್ಕೆ ಹೋಗಿ 'ಕಾಂಡೇಲಿಯಾ ಕಾಂಡೆಲ್' ಎಂದು ಒಂದು ಜಾತಿಯ ಹೆಸರೇ ಆಯಿತು. ಪಾಠದಲ್ಲಿ ಇದನ್ನು ಹೇಳಿದರೆ ಮಕ್ಕಳು ಮರವನ್ನು ಮರೆಯುವುದಿಲ್ಲ.

5. ಎಳೆಯಬೇಡಿ, ಕತ್ತರಿಸಿ

ಬೇರಿಗೆ ಸುತ್ತಿಕೊಂಡ ನೈಲಾನ್ ಬಲೆಯನ್ನು ನಾಲ್ಕು ಜನ ಹಿಡಿದು "ಐಸಾ" ಎಂದು ಎಳೆದರೆ ಬಲೆಯ ಜೊತೆ ತೊಗಟೆಯೂ ಬರುತ್ತದೆ, ಕಡ್ಡಿಬೇರು ಮುರಿಯುತ್ತದೆ. ಕತ್ತರಿ, ಸಣ್ಣ ಕುಡುಗೋಲು ಇಟ್ಟುಕೊಳ್ಳಿ. ಒಂದೊಂದು ಕಣ್ಣು ಬಿಡಿಸಿ. ಬಲೆಯೊಳಗೆ ಏಡಿ ಸಿಕ್ಕಿರುತ್ತದೆ, ಕೆಲವೊಮ್ಮೆ ನೀರು ಹಾವು; ಕೈ ಹಾಕುವ ಮುಂಚೆ ಕೋಲಿನಿಂದ ಅಲ್ಲಾಡಿಸಿ.

ಅರ್ಧ ಹೂತ ಸೀರೆಗೂ ಇದೇ ನಿಯಮ. ಮೇಲೆ ಕಾಣುವಷ್ಟನ್ನು ಕತ್ತರಿಸಿ ತನ್ನಿ. ಅದರ ಮೇಲೆ ಈಗಾಗಲೇ ಸಸಿ ಬೇರು ಬಿಟ್ಟಿದ್ದರೆ ಸೋಲೊಪ್ಪಿಕೊಂಡು ಮುಂದೆ ಹೋಗಿ.

6. ಗಂಬೂಟು ಮನೆಯಲ್ಲಿರಲಿ

ಮೊಣಕಾಲು ಕೆಸರಿನಲ್ಲಿ ಗಂಬೂಟು ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಬಿಗಿಯಾಗಿ ದಾರ ಕಟ್ಟಿದ ಹಳೆಯ ಕ್ಯಾನ್ವಾಸ್ ಶೂ ಒಳ್ಳೆಯದು. ಬರಿಗಾಲು ಬೇಡವೇ ಬೇಡ: ಬೇರಿಗೆ ಅಂಟಿದ ಕಲ್ವಾ ಚಿಪ್ಪು ಬ್ಲೇಡಿನಷ್ಟೇ ಹರಿತ. ಕೈಗೆ ದಪ್ಪ ರಬ್ಬರ್ ಗ್ಲೌಸ್. ಸಿರಿಂಜು ಸಿಕ್ಕರೆ ಚೀಲಕ್ಕೆ ಹಾಕಬೇಡಿ, ಮುಚ್ಚಳವಿರುವ ಗಟ್ಟಿ ಡಬ್ಬಿಯೊಂದು ಬೇರೆಯೇ ಇರಲಿ.

ಕಾಲಿಗೆ ಗಾಯ ಇರುವವರು ದಡದಲ್ಲೇ ಇರಲಿ. ಇಲಿಜ್ವರ ನಮ್ಮ ಕರಾವಳಿಗೆ ಹೊಸದಲ್ಲ, ಕೊಳಕು ನೀರು ಗಾಯಕ್ಕೆ ತಾಗಿದರೆ ಸಾಕು. ಹೋಗಿ ಬಂದ ತಿಂಗಳೊಳಗೆ ಜ್ವರ, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಸುಮ್ಮನಿರದೆ ಡಾಕ್ಟರಿಗೆ "ಕೆಸರಿನಲ್ಲಿ ಇಳಿದಿದ್ದೆ" ಎಂದು ಬಾಯಿಬಿಟ್ಟು ಹೇಳಿ. ಇನ್ನೊಂದು ಎಚ್ಚರ: ಎಕ್ಸೋಕೇರಿಯಾ ಎಂಬ ಕಾಂಡ್ಲಾ ಜೊತೆಗಾರ ಮರದ ಕೊಂಬೆ ಮುರಿದರೆ ಬಿಳಿ ಹಾಲು ಸುರಿಯುತ್ತದೆ. ಅದು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಗುರುತು ಗೊತ್ತಿಲ್ಲದ ಕೊಂಬೆಯನ್ನು ದಾರಿಗಾಗಿ ಮುರಿಯಬೇಡಿ.

7. ಹೊಳೆಯವರನ್ನು ಕೇಳಿ, ಅವರಿಗೆ ಕಲಿಸಲು ಹೋಗಬೇಡಿ

ಎಲ್ಲಕ್ಕಿಂತ ದೊಡ್ಡ ಸೂತ್ರ ಇದು, ಹೆಚ್ಚಿನ ತಂಡಗಳು ಎಡವುವುದೂ ಇಲ್ಲಿಯೇ. ಪೇಟೆಯಿಂದ ಬಂದವರು ಮೈಕು ಹಿಡಿದು ಮೀನುಗಾರರಿಗೆ ಕಾಂಡ್ಲಾದ ಮಹತ್ವ ವಿವರಿಸುವುದನ್ನು ನಾನು ನೋಡಿದ್ದೇನೆ. ಸಿಗಡಿ ಮರಿ, ಕಾಣೆ ಮರಿ, ಏಡಿ ಎಲ್ಲಿ ಅಡಗುತ್ತವೆ ಎಂದು ಆ ಜನಕ್ಕೆ ಹೇಳುವುದು, ಭಟ್ಟರಿಗೆ ಮಂತ್ರ ಹೇಳಿಕೊಟ್ಟ ಹಾಗೆ.

ಅಘನಾಶಿನಿಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರ ಬಳಿ ಒಮ್ಮೆ ನಮ್ಮ ಪಟ್ಟಿ ಓದಿದೆ: ಮೊದಲು ಹಾಳೆ, ಆಮೇಲೆ ಬಲೆ, ಕೊನೆಗೆ ಬಾಟಲಿ. ಒಬ್ಬ ಅಕ್ಕ ತಲೆ ಅಲ್ಲಾಡಿಸಿದರು. "ತಮ್ಮಾ, ಪ್ಲಾಸ್ಟಿಕ್ ಆಮೇಲೆ ಹೆಕ್ಕು, ಮೊದ್ಲು ಬಾಟ್ಲಿ ಚೂರು ತೆಗಿ. ನಾವು ಬರಿಗಾಲಲ್ಲಿ ಇಳಿಯೋರು ನೋಡು." ಮರದ ಲೆಕ್ಕದಲ್ಲಿ ಗಾಜಿಗೆ ಕೊನೆಯ ಸ್ಥಾನ, ಅವರ ಕಾಲಿನ ಲೆಕ್ಕದಲ್ಲಿ ಮೊದಲನೆಯದು. ಅಂದಿನಿಂದ ಬಳಚು ತೆಗೆಯುವ ಜಾಗದಲ್ಲಿ ನಮ್ಮ ಕೆಲಸ ಗಾಜಿನಿಂದಲೇ ಶುರು. ಆ ಮೇಲೆ ಅವರೂ ಕೈ ಹಾಕಿದರು, ಮತ್ತೆ ಮೈಕು ಬೇಕಾಗಲಿಲ್ಲ.

ಗಜನಿ ಗದ್ದೆಯವರೂ ಇದ್ದಾರೆ. ಉಪ್ಪುನೀರು ತಡೆದುಕೊಂಡು ಬೆಳೆಯುವ ಕಗ್ಗ ಭತ್ತದ ಗದ್ದೆಗಳಿಗೆ ನೀರು ಬಿಡುವ, ಕಟ್ಟುವ ಬಾಗಿಲುಗಳಿಗೆ ಪ್ಲಾಸ್ಟಿಕ್ ಸಿಕ್ಕಿದರೆ ಬಾಗಿಲು ಮುಚ್ಚುವುದಿಲ್ಲ. ಅಲ್ಲೊಂದು ತಾಸು ಕೆಲಸ ಮಾಡಿಕೊಟ್ಟರೆ ಊರೇ ನಿಮ್ಮದು.

ಮತ್ತೊಂದು, ದೋಣಿಗೆ ದುಡ್ಡು ಕೊಡಿ. "ಊರಿನ ಕೆಲಸ, ಪುಕ್ಕಟೆ ಬನ್ನಿ" ಎನ್ನುವವರು ತಮ್ಮ ಒಂದು ದಿನದ ಸಂಬಳ ಬಿಟ್ಟು ಬಂದಿರುವುದಿಲ್ಲ. ಮೀನಿಗೆ ಹೋಗಬೇಕಾದ ದೋಣಿ ಕಸಕ್ಕೆ ಬಂದರೆ ಆ ಮನೆಯ ಅಂದಿನ ದುಡಿಮೆ ಹೋಯಿತು. ಟೀ ಶರ್ಟಿನ ಖರ್ಚು ಉಳಿಸಿದರೆ ಬಾಡಿಗೆ, ಡೀಸೆಲ್ ಎರಡೂ ಬರುತ್ತವೆ.

8. ಕಾಗದ ಸರಿ ಮಾಡಿಕೊಳ್ಳಿ

ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಕಾಂಡ್ಲಾ ಇರುವ ಜಾಗ ಎಲ್ಲಕ್ಕಿಂತ ಬಿಗಿಯಾದ ವರ್ಗಕ್ಕೆ ಸೇರುತ್ತದೆ. ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ 2024ರಿಂದ ರಾಮ್ಸರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಹೌದು. ಕಸ ಹೆಕ್ಕುವುದು ಅಪರಾಧವಲ್ಲ. ಆದರೂ ವಲಯ ಅರಣ್ಯಾಧಿಕಾರಿಗೆ ಒಂದು ಪತ್ರ, ಪಂಚಾಯಿತಿಗೆ ಅದರ ನಕಲು ಕೊಟ್ಟಿಡಿ. ಪತ್ರಕ್ಕೆ ಉತ್ತರ ಬರದಿದ್ದರೂ ಕಾವಲುಗಾರರೊಬ್ಬರು ಜೊತೆಗೆ ಬರುತ್ತಾರೆ. ಆ ಮನುಷ್ಯನಿಗೆ ಗೊತ್ತಿರುವ ದಾರಿ ಯಾವ ನಕ್ಷೆಯಲ್ಲೂ ಇರುವುದಿಲ್ಲ.

9. ಕಸ ಎಲ್ಲಿಗೆ ಹೋಗುತ್ತದೆಂದು ಗೊತ್ತಾಗದೆ ಒಂದು ಚೀಲವನ್ನೂ ತುಂಬಬೇಡಿ

ಒಂದು ವರ್ಷ ನಾವು ನಲವತ್ತು ಗೋಣಿ ಕಸ ಎತ್ತಿ ರಸ್ತೆ ಬದಿಗೆ ಸಾಲಾಗಿ ಇಟ್ಟು, ಕೈಕುಲುಕಿ ಮನೆಗೆ ಹೋದೆವು. "ನಾಳೆ ಗಾಡಿ ಬರುತ್ತದೆ" ಎಂದಿದ್ದರು ಸಂಬಂಧಪಟ್ಟವರು. ಗಾಡಿ ಬರುವ ಮುಂಚೆ ಮಳೆ ಬಂತು, ನಾಯಿ ಬಂತು. ಹತ್ತು ದಿನದಲ್ಲಿ ಅರ್ಧ ಕಸ ಮತ್ತೆ ಹೊಳೆಯಲ್ಲಿ. ಇದು ನಮ್ಮೊಬ್ಬರ ಕಥೆಯಲ್ಲ. ಮುಂಬೈಯ ವರ್ಸೋವಾ ಕಡಲದಂಡೆಯಲ್ಲಿ ವಕೀಲ ಅಫ್ರೋಜ್ ಶಾ 2015ರ ಅಕ್ಟೋಬರಿನಲ್ಲಿ ಶುರು ಮಾಡಿದ ಅಭಿಯಾನಕ್ಕೆ ಮರುವರ್ಷವೇ ವಿಶ್ವಸಂಸ್ಥೆಯ ಗೌರವ ಬಂದಿತ್ತು. ಅಂಥದ್ದೂ ಹೆಕ್ಕಿದ ಕಸದ ಸಾಗಣೆ ನಿಂತು, ಕಿಡಿಗೇಡಿಗಳ ಕಾಟವೂ ಸೇರಿ 2017ರ ನವೆಂಬರಿನಲ್ಲಿ ಕೆಲಕಾಲ ನಿಲ್ಲಬೇಕಾಯಿತು.

ಹಾಗಾಗಿ ಹಿಂದಿನಿಂದ ಮುಂದಕ್ಕೆ ಯೋಚಿಸಿ. ಮೊದಲು ಗುಜರಿಯವನನ್ನು ಕಾಣಿ. ಅವನು ಬಾಟಲಿ ತೆಗೆದುಕೊಳ್ಳುತ್ತಾನೆ, ಗಟ್ಟಿ ಪ್ಲಾಸ್ಟಿಕ್ ತೆಗೆದುಕೊಳ್ಳುತ್ತಾನೆ. ಆದರೆ ಕೆಸರು ಮೆತ್ತಿದ್ದನ್ನು ಮುಟ್ಟುವುದಿಲ್ಲ. ತೂಕದಲ್ಲಿ ಮೋಸ ಎನ್ನುತ್ತಾನೆ, ಅದು ನಿಜವೂ ಹೌದು. ಆದ್ದರಿಂದ ಹೊಳೆಯಂಚಿನಲ್ಲೇ ಉಪ್ಪುನೀರಿನಲ್ಲಿ ಜಾಲಿಸಿ, ಒಂದು ದಿನ ಬಿಸಿಲಿಗೆ ಒಣಗಿಸುವ ಜಾಗ ಬೇಕು. ಚಿಪ್ಸು, ಗುಟ್ಕಾ, ಶಾಂಪೂ ಪೊಟ್ಟಣಗಳು ಗುಜರಿಗೂ ಬೇಡ, ಅವು ಕೊನೆಗೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗಬೇಕಾದ ಮಾಲು. ಅಷ್ಟು ದೂರ ತಲುಪಿಸಲು ನಿಮ್ಮಿಂದಾಗದು, ಪಂಚಾಯಿತಿಯ ಕಸ ಘಟಕದಿಂದ ಆಗುತ್ತದೆ. ಈ ವಿಷಯದಲ್ಲಿ ಉಡುಪಿ ಜಿಲ್ಲೆಯವರು ಪುಣ್ಯವಂತರು. ಕುಂದಾಪುರ ಕಡೆಯ ವಂಡ್ಸೆ ಪಂಚಾಯಿತಿಯ ಎಸ್‌ಎಲ್‌ಆರ್‌ಎಂ (ಘನ-ದ್ರವ ಸಂಪನ್ಮೂಲ ನಿರ್ವಹಣೆ) ಘಟಕ ಹಳ್ಳಿಯೊಂದು ತನ್ನ ಕಸವನ್ನು ತಾನೇ ವಿಂಗಡಿಸಬಹುದೆಂದು ತೋರಿಸಿತು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣಕಸ ಒಟ್ಟಿಗೆ ಬರುವ ಎಂಆರ್‌ಎಫ್ (ಒಣಕಸ ವಿಂಗಡಣಾ ಕೇಂದ್ರ) ಇದೆ. ನಿಮ್ಮ ಹತ್ತಿರದ ಘಟಕಕ್ಕೆ ಒಂದು ವಾರ ಮುಂಚೆ ಹೋಗಿ, ಯಾವುದನ್ನು ಹೇಗೆ ಕಟ್ಟಿ ತಂದರೆ ತೆಗೆದುಕೊಳ್ಳುತ್ತೀರಿ ಎಂದು ಅಲ್ಲಿನ ಅಕ್ಕಂದಿರನ್ನೇ ಕೇಳಿ.

ಡೈಪರು, ಪ್ಯಾಡು ಬೇರೆಯೇ ಚೀಲದಲ್ಲಿ, ಗುರುತು ಹಾಕಿ. ದಡದಲ್ಲಿ ಬೆಂಕಿ ಹಾಕುವ ಮಾತು ಯಾರಾದರೂ ಎತ್ತಿದರೆ ಅವರನ್ನು ಟೀ ತರಲು ಕಳಿಸಿ.

10. ತೂಗಬೇಡಿ, ಎಣಿಸಿ

"ಎರಡು ಟನ್ ಕಸ ತೆರವು" ಎಂಬ ಸುದ್ದಿಯಲ್ಲಿ ಒಂದು ಟನ್ ಕೆಸರೇ ಇರುತ್ತದೆ. ತೂಕ ಹೆಮ್ಮೆಗೆ ಸರಿ, ಕೆಲಸಕ್ಕೆ ಬರುವುದು ಎಣಿಕೆ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕರಾವಳಿಯಲ್ಲಿ ಶುರುವಾದ ಸ್ವಚ್ಛತಾ ದಿನ ಜಗತ್ತಿಗೆ ಹಬ್ಬಿದ್ದು ಚೀಲದ ಬಲದಿಂದಲ್ಲ. ಹೆಕ್ಕಿದ ಪ್ರತಿ ವಸ್ತುವನ್ನೂ ಮೊದಲ ವರ್ಷದಿಂದಲೇ ಅವರು ಪಟ್ಟಿಗೆ ಬರೆದುಕೊಂಡಿದ್ದರು.

ಹೊಳೆಯಂಚಿನ ಹತ್ತು ಮಾರು ಜಾಗ ಆರಿಸಿಕೊಂಡು ಎರಡು ತುದಿಗೂ ಗೂಟ ಹೊಡೆಯಿರಿ. ಅಲ್ಲಿ ಸಿಕ್ಕಿದ್ದನ್ನು ಮಾತ್ರ ಒಂದೂ ಬಿಡದೆ ಎಣಿಸಿ: ಹಾಲಿನ ಪೊಟ್ಟಣ ಎಷ್ಟು, ಔಷಧಿಯ ಪಟ್ಟಿ ಎಷ್ಟು, ಥರ್ಮಾಕೋಲು, ಬಲೆ, ಚಪ್ಪಲಿ. ಹೀಗೆ ಎಣಿಸುತ್ತ ಹೋದರೆ ಕಸ ಮಾತಾಡತೊಡಗುತ್ತದೆ. ಥರ್ಮಾಕೋಲು ಹೆಚ್ಚಿದ್ದರೆ ಮೀನು ಪೆಟ್ಟಿಗೆಯ ಕಡೆ ನೋಡಿ. ಒಂದೇ ಹೋಟೆಲಿನ ಪಾರ್ಸೆಲ್ ಕವರು ಮತ್ತೆ ಮತ್ತೆ ಸಿಕ್ಕರೆ ಹೋಟೆಲಿನವರಿಗೆ ಸಿಟ್ಟಿನಿಂದಲ್ಲ, ಕವರು ಹಿಡಿದುಕೊಂಡೇ ಹೋಗಿ ತೋರಿಸಿ. ತೆಳುವಾದ ಕೈಚೀಲ ಕಂಡರೆ ಅದು ಕಾನೂನಿನ ಮಾತು: ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. ಪಂಚಾಯಿತಿ ಸಭೆಯಲ್ಲಿ ಭಾಷಣಕ್ಕಿಂತ ಇಂಥ ಒಂದು ಹಾಳೆ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ.

11. ಸೇತುವೆ ಮೇಲೆ ಒಂದು ಸಂಜೆ ನಿಂತು ನೋಡಿ

ಕಾಂಡ್ಲಾದ ಕಸ ಕಾಂಡ್ಲಾದ್ದಲ್ಲ. ಪಂಚಗಂಗಾವಳಿಗೆ ಐದು ಹೊಳೆಗಳು ಬಂದು ಸೇರುತ್ತವೆ. ಅವುಗಳ ದಂಡೆಯ ಪೇಟೆ, ಸಂತೆ, ಸಭಾಭವನಗಳದ್ದೆಲ್ಲ ಕೊನೆಯ ನಿಲ್ದಾಣ ಇದು. ಮರ ಬಾಚಣಿಗೆಯ ಹಾಗೆ, ನೀರನ್ನು ಬಿಟ್ಟು ಕಸವನ್ನು ಹಿಡಿಯುತ್ತದೆ.

ಒಂದು ಸಂಜೆ ನಾವು ಮೂವರು ಸೇತುವೆಯ ಮೇಲೆ ಸುಮ್ಮನೆ ನಿಂತೆವು. ಸ್ಕೂಟರ್ ನಿಧಾನವಾಗುತ್ತದೆ, ಹಿಂದೆ ಕೂತವರ ಕೈಯಿಂದ ಗಂಟು ಕಟ್ಟಿದ ಚೀಲ ಹಾರುತ್ತದೆ, ಸ್ಕೂಟರ್ ಮುಂದೆ ಹೋಗುತ್ತದೆ. ಕಾರಿನವರು ಗಾಜು ಇಳಿಸುತ್ತಾರೆ. ಪೂಜೆಯ ನಿರ್ಮಾಲ್ಯವನ್ನು ಭಕ್ತಿಯಿಂದ, ಪ್ಲಾಸ್ಟಿಕ್ ಚೀಲದ ಸಮೇತ, ಬಿಡುವವರೂ ಇದ್ದಾರೆ. ಅವರಲ್ಲಿ ಒಬ್ಬರು ನಮ್ಮ ಅಭಿಯಾನಕ್ಕೆ ಬಂದಿದ್ದವರು. ಗುರುತು ಸಿಕ್ಕಿ ಇಬ್ಬರಿಗೂ ಮುಜುಗರವಾಯಿತು. ಹೂವು ಹೊಳೆಗೆ, ಚೀಲ ಮನೆಗೆ ಎಂಬ ಬೋರ್ಡು ಬರೆಸಿದ್ದು ಆ ಮುಜುಗರದಿಂದಲೇ.

ಎಷ್ಟು ಸಲ ತಳದಲ್ಲಿ ಹೆಕ್ಕುತ್ತೀರೋ ಅದರ ಅರ್ಧದಷ್ಟಾದರೂ ಮೇಲೆ ಹೋಗಿ. ಸೇತುವೆಯ ಅಂಚಿಗೆ ಎತ್ತರದ ಜಾಲರಿ ಕೇಳಿ. ಪೇಟೆಯ ತೋಡು ಹೊಳೆ ಸೇರುವ ಬಾಯಿಗೆ ಅಡ್ಡಬಲೆ ಕಟ್ಟಲು ಒತ್ತಾಯಿಸಿ, ಅದನ್ನು ವಾರಕ್ಕೊಮ್ಮೆ ಖಾಲಿ ಮಾಡುವವರು ಯಾರೆಂದೂ ಆಗಲೇ ಬರೆಸಿಕೊಳ್ಳಿ. ಖಾಲಿ ಮಾಡದ ಅಡ್ಡಬಲೆ ಮೊದಲ ಜಡಿಮಳೆಗೆ ಹರಿದು, ತಾನೂ ಕಸವಾಗಿ ನಿಮ್ಮ ಕಾಂಡ್ಲಾಕ್ಕೇ ಬರುತ್ತದೆ. ವರ್ಸೋವಾದವರು ಕೂಡ ದಂಡೆಯಿಂದ ಹಿಂದಕ್ಕೆ ಹೋಗಿ ಮಿಠಿ ನದಿಗೆ ಇಳಿದರು.

12. ಗಿಡ ನೆಡುವ ಚಪಲ ಅದುಮಿಕೊಳ್ಳಿ

ಕಸ ತೆಗೆದ ಖಾಲಿ ಜಾಗ ಕಂಡಕೂಡಲೇ ಯಾರೋ ಸಸಿ ತರುತ್ತಾರೆ. ತಡೆಯಿರಿ. ಆ ಬಯಲು ಬಳಚಿನ ತಾಣ ಆಗಿರಬಹುದು, ಹಕ್ಕಿಯ ಊಟದ ತಟ್ಟೆ ಆಗಿರಬಹುದು. ರೈಜೋಫೋರಾದ ಬೀಜ ತಾಯಿ ಮರದಲ್ಲೇ ಮೊಳೆತು, ನುಗ್ಗೆಕಾಯಿಯಂತೆ ಜೋತು, ಆಮೇಲೆ ಬೀಳುತ್ತದೆ. ನೀರು ಅದನ್ನು ಒಯ್ದು ಸರಿಯಾದ ಜಾಗಕ್ಕೆ ಮುಟ್ಟಿಸುತ್ತದೆ. ನೀವು ಹಾಳೆ ತೆಗೆದು ಕೆಸರು ತೆರೆದಿಟ್ಟರೆ ನೆಡುವ ಕೆಲಸ ಹೊಳೆಯೇ ಮಾಡೀತು. ನಿಜಕ್ಕೂ ನೆಡಬೇಕಾದ ಜಾಗ ಯಾವುದೆಂದು ಅರಣ್ಯ ಇಲಾಖೆಗೆ ಗೊತ್ತಿದೆ, ಅವರ ನರ್ಸರಿಗೆ ಹೋಗಿ ಸಹಾಯ ಮಾಡಿ.

13. ಎಲೆ, ಕಡ್ಡಿ ಮುಟ್ಟಬೇಡಿ

ಕೆಲವರಿಗೆ ಅಂಗಳ ಗುಡಿಸಿದ ಅಭ್ಯಾಸ. ಉದುರಿದ ಎಲೆ, ಕೊಳೆತ ಕೊಂಬೆ ಎಲ್ಲ ಚೀಲಕ್ಕೆ. ಅದು ಏಡಿಯ ಊಟ, ಏಡಿ ಮೀನಿನ ಊಟ. ಕಾಂಡ್ಲಾ ಚೊಕ್ಕಟವಾಗಿ ಕಾಣಬಾರದು.

ಹಾಗೆಯೇ ತಂಡದ ತಿಂಡಿಯ ಕಡೆಗೂ ಒಂದು ಕಣ್ಣು. ಕಸ ಹೆಕ್ಕಲು ಬಂದ ಐವತ್ತು ಜನಕ್ಕೆ ಐವತ್ತು ನೀರಿನ ಬಾಟಲಿ, ಥರ್ಮಾಕೋಲ್ ತಟ್ಟೆಯಲ್ಲಿ ಉಪ್ಪಿಟ್ಟು ಕೊಟ್ಟ ಪ್ರಾಯೋಜಕರನ್ನು ನಾನು ಬಲ್ಲೆ. ಸ್ಟೀಲ್ ಲೋಟ, ಬಾಳೆ ಎಲೆ, ಒಗ್ಗರಣೆ ಅವಲಕ್ಕಿ. ಮುಗಿಯಿತು.

14. ಮುಂದಿನ ತಾರೀಖು ದೋಣಿಯಲ್ಲೇ ಗೊತ್ತು ಮಾಡಿ

ಮೈ ತುಂಬ ಕೆಸರಿರುವಾಗ ಆದ ಮಾತು ಉಳಿಯುತ್ತದೆ, ಸ್ನಾನ ಮಾಡಿದ ಮೇಲೆ ವಾಟ್ಸಾಪಿನಲ್ಲಿ ಆದದ್ದು ಉಳಿಯುವುದಿಲ್ಲ. ವರ್ಷಕ್ಕೊಂದು ದೊಡ್ಡ ಜಾತ್ರೆಗಿಂತ, ಮಳೆಗಾಲ ಬಿಟ್ಟು, ತಿಂಗಳಿಗೊಂದು ಸಣ್ಣ ಇಳಿತ ಮೇಲು. ಅದೇ ಹನ್ನೆರಡು ಜನ, ಅದೇ ಹತ್ತು ಮಾರು. ಮೊದಲ ಮೂರು ತಿಂಗಳು ಬೇಜಾರಾಗುತ್ತದೆ. ತೆಗೆದಷ್ಟೇ ಮತ್ತೆ ಬಂದಿರುತ್ತದೆ. ಜನ ಬಿಟ್ಟುಹೋಗುವುದು ಆಗಲೇ. ಪಟ್ಟಿ ತೆರೆದು ನೋಡಿ: ಒಟ್ಟು ಅಷ್ಟೇ ಇದ್ದರೂ ಬಗೆ ಬದಲಾಗಿರುತ್ತದೆ, ಹಳೆಯ ಹೂತ ಮಾಲು ಹೋಗಿ ಈಗ ಸಿಗುವುದು ಈ ತಿಂಗಳಿನದು. ಈ ತಿಂಗಳಿನದ್ದಕ್ಕೆ ವಿಳಾಸ ಹುಡುಕಬಹುದು.

ನಾವು ಹೀಗೆ ಮಾಡತೊಡಗಿದ ಎರಡನೇ ವರ್ಷ. ಶನಿವಾರ ರಾತ್ರಿ ಒಂಬತ್ತರ ಸುಮಾರಿಗೆ ಫೋನು ಬಂತು. ಅಂದು ಬಲೆ ಬಿಡಿಸುತ್ತ ನಕ್ಕಿದ್ದ ಹಿರಿಯರು. ನಮಸ್ಕಾರ, ಊಟ ಆಯ್ತಾ, ಯಾವುದೂ ಇಲ್ಲ.

"ನಾಳೆ ಆರೂವರೆಗೆ ನೀರ್ ಇಳಿತ್ತ್. ಬತ್ರ್ಯಾ?"